ಆ ‘ಕೆಲವರು’ ಯಾರು?

ನಮಸ್ಕಾರ.

ಪಿಂಕ್ ಫ್ಲಾಯ್ಡ್ ಆಲ್ಬಮ್‌ಗಳ ಬಗ್ಗೆ ನೀವು ಕಳಿಸಿದ ಒಂಬತ್ತು ಪುಟದ ಲೇಖನ ಓದಿದೆ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೇ ಸಲ ಇನ್ನೂ ಜಾಸ್ತಿ ಬಂತು. ಅದಕ್ಕೇ ಪತ್ರ ಉದ್ದವಾಗಲಿದೆ. ಸಿಟ್ಟು ತರಿಸದ ಲೇಖನಗಳನ್ನು ಎರಡು ಸಾಲು ಬರೆದು ವಾಪಸ್ ಕಳಿಸಿಬಿಡುತ್ತೇನೆ.

ಒಳ್ಳೆಯ ಮಾತು ಮೊದಲೇ ಹೇಳಿ ಮುಗಿಸುತ್ತೇನೆ. ಭಾಷೆ ಸಲೀಸಾಗಿದೆ. ಇಸವಿಗಳು ಸರಿಯಾಗಿವೆ. ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ, ಹುಡುಕಿದೆ. ಐದನೇ ಪುಟದಲ್ಲಿ ಒಂದು ವಾಕ್ಯ ಇದೆ, ಅದರ ಮಾತು ಆಮೇಲೆ.

ನೀವು ಎತ್ತಿಕೊಂಡಿರುವುದು ಹಳೇ ಜಗಳ. ಈ ಇಂಗ್ಲಿಷ್ ಬ್ಯಾಂಡಿನ ಆಲ್ಬಮ್‌ಗಳಲ್ಲಿ ಯಾವುದು ದೊಡ್ಡದು? ಅಭಿಮಾನಿಗಳು ಇಬ್ಬರು ಸೇರಿದರೆ ಸಾಕು, ಶುರುವಾಗುತ್ತದೆ. ನಿಮ್ಮ ತೀರ್ಪು 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಕಡೆಗೆ. ಇರಲಿ. ತೀರ್ಪಿನ ಬಗ್ಗೆ ಸಂಪಾದಕನಾಗಿ ನನಗೆ ತಕರಾರಿಲ್ಲ. ಕೇಳುಗನಾಗಿ ಇದೆ, ಅದನ್ನು ಬದಿಗಿಡಲು ನೋಡುತ್ತೇನೆ. ಆಗುತ್ತೋ ಇಲ್ವೋ ಗೊತ್ತಿಲ್ಲ.

ಮೂರನೇ ಪುಟ ತೆಗೆಯಿರಿ. ನಿಮ್ಮ ಸಾಲು: “ಈ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 741 ವಾರ ಇತ್ತು. ಇದಕ್ಕಿಂತ ದೊಡ್ಡ ಪುರಾವೆ ಬೇಕೆ?”

ಬೇಕು. ನಿಮ್ಮ ಅಂಕಿ ಸರಿಯೇ. 1973ರಿಂದ 1988ರವರೆಗಿನ ಲೆಕ್ಕ ಅದು. ಆದರೆ ಮಾರಾಟದ ಪಟ್ಟಿಯನ್ನು ಸಾಕ್ಷಿಗೆ ಕರೆದ ಮೇಲೆ ಅದು ಹೇಳುವ ಎಲ್ಲವನ್ನೂ ಕೇಳಿಸಿಕೊಳ್ಳಬೇಕು, ಅಲ್ವಾ? ಇದೇ ಆಲ್ಬಮ್ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿ ನಿಂತದ್ದು ಒಂದೇ ಒಂದು ವಾರ. ನೀವು ಅರ್ಧ ಪುಟದಲ್ಲಿ ತಳ್ಳಿಹಾಕಿದ ‘ದ ವಾಲ್’ ಅಲ್ಲಿ 15 ವಾರ ನಿಂತಿತ್ತು. ಇನ್ನು ಬ್ಯಾಂಡಿನ ತವರು ಬ್ರಿಟನ್‌ಗೆ ಬನ್ನಿ. ಬಿಡುಗಡೆಯಾದಾಗ ‘ಡಾರ್ಕ್ ಸೈಡ್’ ಅಲ್ಲಿ ಎರಡನೇ ಸ್ಥಾನ ದಾಟಲಿಲ್ಲ. ದಾಟಿದ್ದು ಯಾವುದು ಗೊತ್ತಾ? 1970ರ ‘ಆಟಮ್ ಹಾರ್ಟ್ ಮದರ್’. ಮುಖಪುಟದ ಮೇಲೆ ಬ್ಯಾಂಡಿನ ಹೆಸರಿಲ್ಲ, ಆಲ್ಬಮ್ಮಿನ ಹೆಸರಿಲ್ಲ. ಒಂದು ಹಸು ತಿರುಗಿ ನೋಡುತ್ತಿದೆ, ಅಷ್ಟೆ. ಮುಂದೆ ಬ್ಯಾಂಡಿನವರೇ ಆದ ರಾಜರ್ ವಾಟರ್ಸ್ ಮತ್ತು ಡೇವಿಡ್ ಗಿಲ್ಮೋರ್ ಇಬ್ಬರೂ ಅದನ್ನು ಹೀಗಳೆದರು. ಮಿಕ್ಕ ವಿಷಯಗಳಲ್ಲಿ ಇವರಿಬ್ಬರು ಒಮ್ಮತಕ್ಕೆ ಬಂದದ್ದು ಕಡಿಮೆ. 1983ರ ‘ದ ಫೈನಲ್ ಕಟ್’ ಕೂಡ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅಭಿಮಾನಿಗಳು ಅತಿ ಹೆಚ್ಚು ಕಚ್ಚಾಡುವ ಆಲ್ಬಮ್ ಅದು. ಹಾಗಾಗಿ ನಿಮ್ಮ ನ್ಯಾಯಾಲಯದಲ್ಲಿ ಗೆದ್ದದ್ದು ಹಸು.

ಅದರ ಮುಂದಿನ ಸಾಲು: “ಕೋಟಿಗಟ್ಟಲೆ ಜನ ತಪ್ಪು ಮಾಡಿರಲು ಸಾಧ್ಯವೇ?” ತಪ್ಪು ಮಾಡಿದರು ಅಂತ ಯಾರು ಹೇಳಿದರು? ಅವರು ಕೊಂಡರು. ಕೊಂಡು ಮನೆಗೆ ಹೋಗಿ ಏನು ಕೇಳಿಸಿಕೊಂಡರು? ಅದನ್ನು ನೀವು ಹೇಳಬೇಕಿತ್ತು.

ಹೇಳಲು ಬೇಕಾದ ಸರಕು ನಿಮ್ಮ ಹತ್ತಿರ ಇತ್ತು. ನನಗೆ ಸಿಟ್ಟು ಬಂದದ್ದು ಅದಕ್ಕೇ. ಆಲ್ಬಮ್ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಕ್ಲೇರ್ ಟೋರಿ ಅನ್ನುವ ಗಾಯಕಿ ಬಂದು, ಒಂದೂ ಪದವಿಲ್ಲದೆ, ಬರೀ ದನಿಯಲ್ಲಿ ಒಂದು ಇಡೀ ಹಾಡನ್ನು ಹೊತ್ತರು. ಅವತ್ತಿನ ಸಂಭಾವನೆ 30 ಪೌಂಡ್. ಆ ರಚನೆಯಲ್ಲಿ ತನಗೂ ಪಾಲಿದೆ ಅಂತ ಕೋರ್ಟಿಗೆ ಹೋಗಿ, 2005ರಲ್ಲಿ ರಾಜಿಯಾದ ಮೇಲೆ ಅವರ ಹೆಸರೂ ಸೇರಿತು. ಕೊನೆಯಲ್ಲಿ ಕೇಳುವ ಮಾತು ಅಬ್ಬೆ ರೋಡ್ ಸ್ಟುಡಿಯೋದ ಬಾಗಿಲು ಕಾಯುವವರದು. ವಾಟರ್ಸ್ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟು ಸ್ಟುಡಿಯೋದಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿದ್ದರು. ಕೋಟಿ ಜನ ಕೇಳುವ ಆಲ್ಬಮ್ಮಿನ ಕೊನೇ ಮಾತನ್ನು ಅವರು ಒಬ್ಬ ಕಾವಲುಗಾರನಿಗೆ ಬಿಟ್ಟುಕೊಟ್ಟರು! ಇದೆಲ್ಲ ನಿಮಗೆ ಗೊತ್ತಿದೆ. ಗೊತ್ತಿದ್ದೂ ಏಳನೇ ಪುಟದ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ತುರುಕಿದ್ದೀರಿ. 741 ಮಾತ್ರ ಮೇಲೆ, ದಪ್ಪ ಅಕ್ಷರದಲ್ಲಿ.

ಈಗ ನಾಲ್ಕನೇ ಪುಟ. ನನ್ನ ನಿಜವಾದ ಜಗಳ ಇಲ್ಲಿದೆ.

ಪೆನ್ಸಿಲ್ ಹಿಡಿದು ಎಣಿಸಿದೆ. ಒಂದೇ ಪುಟದಲ್ಲಿ ‘ಕೆಲವರು’ ಹನ್ನೊಂದು ಸಲ ಬಂದಿದ್ದಾರೆ. ‘ಇನ್ನು ಕೆಲವರು’ ಬೇರೆ.

“ಕೆಲವರು ಸಿಡ್ ಬ್ಯಾರೆಟ್ ಕಾಲವೇ ಚೆನ್ನ ಎನ್ನುತ್ತಾರೆ, ಅದು ಬರೀ ಹಳೆಯದರ ಮೋಹ.” ಯಾರು ಇವರು? ಇವರ ಕೈಗೆ ಒಂದಾದರೂ ವಾದ ಕೊಟ್ಟಿರಾ? 1967ರ ಮೊದಲ ಆಲ್ಬಮ್ಮಿನ 11 ಹಾಡುಗಳಲ್ಲಿ 8 ಬ್ಯಾರೆಟ್ ಒಬ್ಬರೇ ಬರೆದದ್ದು. ಮರುವರ್ಷ ಅವರು ಬ್ಯಾಂಡಿನಿಂದ ಹೊರಗಾದರು. ಅಂದರೆ ಬ್ಯಾರೆಟ್ ಕಡೆಯವರು ಕೇಳುತ್ತಿರುವ ಪ್ರಶ್ನೆಯೇ ಬೇರೆ: ಬರೆಯುವವನೇ ಹೋದ ಮೇಲೆ ಅದೇ ಹೆಸರಿನಲ್ಲಿ ಉಳಿದದ್ದು ಅದೇ ಬ್ಯಾಂಡ್ ಹೌದಾ? ಇದಕ್ಕೆ ‘ಹಳೆಯದರ ಮೋಹ’ ಅಂದರೆ ಉತ್ತರ ಆಯಿತಾ?

“ಕೆಲವರು ‘ದ ಫೈನಲ್ ಕಟ್’ ಹೊಗಳುತ್ತಾರೆ, ಆಶ್ಚರ್ಯ.” ಪೂರ್ತಿ ವಾಕ್ಯ ಇಷ್ಟೇ. ನಿಮಗೆ ಆಶ್ಚರ್ಯ ಆದರೆ ಓದುಗರಿಗೆ ಏನು ಸಿಕ್ಕಿತು? ಆ ಆಲ್ಬಮ್ಮಿನ ಹಿಂಬದಿಯಲ್ಲೇ ಇದೆ, ಬರೆದದ್ದು ವಾಟರ್ಸ್, ನುಡಿಸಿದ್ದು ಪಿಂಕ್ ಫ್ಲಾಯ್ಡ್ ಅಂತ. ಕೀಬೋರ್ಡಿನ ರಿಚರ್ಡ್ ರೈಟ್ ಅಷ್ಟರಲ್ಲಿ ಹೊರಗೆ. ಅದನ್ನು ಮೆಚ್ಚುವವರಿಗೆ ಫ್ಲಾಯ್ಡ್ ಅಂದರೆ ವಾಟರ್ಸ್ ಬರೆದ ಮಾತು. ಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಮಗ ಫಾಕ್‌ಲ್ಯಾಂಡ್ಸ್ ಯುದ್ಧ ನೋಡಿ ಬರೆದ ಮಾತು. 1994ರ ‘ದ ಡಿವಿಷನ್ ಬೆಲ್’ ಮೆಚ್ಚುವವರಿಗೆ ಫ್ಲಾಯ್ಡ್ ಅಂದರೆ ಗಿಲ್ಮೋರ್ ಗಿಟಾರು. 1971ರ ‘ಮೆಡಲ್’ ಕಡೆಯವರನ್ನು ಕೇಳಿ, ರೆಕಾರ್ಡಿನ ಎರಡನೇ ಬದಿ ಪೂರ್ತಿ ತುಂಬುವ 23 ನಿಮಿಷದ ಹಾಡು ರೈಟ್ ಪಿಯಾನೋದ ಒಂದೇ ಸ್ವರದಿಂದ ಶುರುವಾಗುವುದನ್ನು ತೋರಿಸುತ್ತಾರೆ. ಇವರು ಯಾವ ಆಲ್ಬಮ್ ದೊಡ್ಡದು ಅಂತ ಜಗಳ ಆಡುತ್ತಿಲ್ಲ ಮಾರಾಯರೇ. ಬ್ಯಾಂಡ್ ಯಾರದು ಅಂತ ಆಡುತ್ತಿದ್ದಾರೆ. ಮುಖವಿಲ್ಲದ ‘ಕೆಲವರು’ ಇಟ್ಟುಕೊಂಡರೆ ಇದು ಕಾಣುವುದೇ ಇಲ್ಲ.

“ಕೆಲವರಿಗೆ ‘ಅನಿಮಲ್ಸ್’ ಇಷ್ಟ, ಆದರೆ ಅದು ತುಂಬಾ ಕಹಿ, ಏಕತಾನ.”

ಸ್ವಲ್ಪ ನೀರು ಕುಡಿದು ಬಂದೆ. ಹೌದು, ನಾನು ಆ ಕೆಲವರಲ್ಲಿ ಒಬ್ಬ.

1977ರ ಆ ಆಲ್ಬಮ್ಮಿನಲ್ಲಿ ಇರುವುದು ಐದೇ ಹಾಡು. ಮಧ್ಯದ ಮೂರು ಹತ್ತು ನಿಮಿಷ ಮೀರಿದವು, ಒಂದಂತೂ 17 ನಿಮಿಷ. ನಾಯಿಗಳು, ಹಂದಿಗಳು, ಕುರಿಗಳು ಅಂತ ಮನುಷ್ಯರನ್ನು ಮೂರು ಜಾತಿ ಮಾಡಿ ಬೈಯುವ ಹಾಡುಗಳು. ಕಹಿ, ಒಪ್ಪಿದೆ. ಆದರೆ ಮೊದಲಿಗೆ ಒಂದು, ಕೊನೆಗೆ ಒಂದು, ಒಂದೂವರೆ ನಿಮಿಷವೂ ಇಲ್ಲದ ಪುಟ್ಟ ಹಾಡುಗಳಿವೆ. ಒಂದು ಗಿಟಾರು, ಒಂದು ದನಿ. ಒಬ್ಬರು ಇನ್ನೊಬ್ಬರಿಗೆ ನಿನ್ನ ಚಿಂತೆ ನನಗಿದೆ ಅಂತ ಹೇಳುವ ಹಾಡುಗಳು. ಅವೆರಡನ್ನು ತೆಗೆದು ಕೇಳಿದರೆ ನಿಮ್ಮ ಮಾತು ನಿಜ. ಇಟ್ಟು ಕೇಳಿದರೆ ಸುಳ್ಳು. ನೀವು ಇಟ್ಟುಕೊಂಡು ಕೇಳಿದಿರಾ?

‘ಅನಿಮಲ್ಸ್’ ವಿರುದ್ಧ ಗಟ್ಟಿ ವಾದ ಬೇಕಿದ್ದರೆ ನನ್ನನ್ನೇ ಕೇಳಬಹುದಿತ್ತು. ಅದರಲ್ಲಿ ರೈಟ್ ಹೆಸರಿನಲ್ಲಿ ಒಂದೂ ರಚನೆ ಇಲ್ಲ. ‘ಡಾರ್ಕ್ ಸೈಡ್’ನಲ್ಲಿ ಇದ್ದ ಆ ಅಗಲ, ಆ ಉಸಿರು ಇಲ್ಲಿ ಕಡಿಮೆಯಾಗಿದೆ. ಕೇಳುವಾಗ ನನಗೇ ಅದು ಚುಚ್ಚುತ್ತದೆ. ಈ ಒಂದು ಮಾತು ಬರೆದಿದ್ದರೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ‘ಏಕತಾನ’ ಅಂದಿರಿ, ಬಾಯಿ ತೆರೆದೆ.

ನಿಮ್ಮನ್ನು ಬೈಯುವ ಹಕ್ಕು ನನಗೆ ಎಲ್ಲಿಂದ ಬಂತು ಅಂತ ಕೇಳಬಹುದು. ನಾನೂ ಇದೇ ತಪ್ಪು ಮಾಡಿ ಸಿಕ್ಕಿಬಿದ್ದಿದ್ದೆ. ಆಗ ಇಪ್ಪತ್ತಮೂರು ವರ್ಷ. ಒಂದು ಸಣ್ಣ ಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದೆ. ‘ದ ವಾಲ್’ ಎಷ್ಟು ಟೊಳ್ಳು ಅಂತ ಮೂರು ಪುಟ ಬರೆದೆ. ಅದರಲ್ಲಿ ಒಂದು ಸಾಲು: “ಕೆಲವರಿಗೆ ಇದು ಇಷ್ಟವಾಗುವುದು ಅವರಿಗೆ ಸಂಗೀತ ಬೇಕಿಲ್ಲದ್ದರಿಂದ.” ಬರೆದು ನಾನೇ ಚಪ್ಪಾಳೆ ತಟ್ಟಿಕೊಂಡಿದ್ದೆ.

ನಮ್ಮ ಹಿರಿಯ ಉಪಸಂಪಾದಕರು ರಾಕ್ ಅನ್ನು ಗಲಾಟೆ ಅನ್ನುತ್ತಿದ್ದವರು. ಬ್ಯಾಂಡಿನ ಹೆಸರು ಹೇಳಿದರೆ ಬಣ್ಣದ ಡಬ್ಬಿಯ ಹೆಸರಾ ಅಂತ ಕೇಳುವವರು. ‘ಕೆಲವರಿಗೆ’ ಅನ್ನುವ ಪದದ ಸುತ್ತ ಕೆಂಪು ಗೆರೆ ಎಳೆದು, “ಒಬ್ಬರನ್ನು ಕರೆದುಕೊಂಡು ಬಾ” ಅಂದರು. ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಕರಡು ತಿದ್ದುವ ವಿಭಾಗದಲ್ಲಿ ನನ್ನ ವಯಸ್ಸಿನವನೇ ಒಬ್ಬನಿದ್ದ, ‘ದ ವಾಲ್’ ಅಂದರೆ ಪ್ರಾಣ. ಅವನನ್ನು ಕರೆತಂದೆ. ಹಿರಿಯರು ಷರತ್ತು ಹಾಕಿದರು. ಇವನ ವಾದವನ್ನು ನೀನು ಬರಿ. ಇದು ನನ್ನ ಮಾತೇ ಹೌದು ಅಂತ ಇವನು ಕೆಳಗೆ ರುಜು ಹಾಕಬೇಕು. ಅಲ್ಲಿಯವರೆಗೆ ನಿನ್ನ ಲೇಖನ ನನ್ನ ಮೇಜಿನಿಂದ ಏಳುವುದಿಲ್ಲ.

ಮೊದಲ ಸಲ ಬರೆದು ಕೊಟ್ಟೆ. ಅವನು ಓದಿ, “ಇದು ನಿನ್ನ ಮಾತೇ. ಅದಕ್ಕೆ ನನ್ನ ಅಂಗಿ ತೊಡಿಸಿದ್ದೀಯ” ಅಂದ. ಎರಡನೇ ಸಲ ಓದಿ ಏನೂ ಹೇಳಲಿಲ್ಲ, ಸುಮ್ನೆ ವಾಪಸ್ ಕೊಟ್ಟ. ಅದು ಇನ್ನೂ ಜಾಸ್ತಿ ಉರಿಸಿತು. ಆ ರಾತ್ರಿ ಆಲ್ಬಮ್ಮಿನ ನಾಲ್ಕೂ ಬದಿ ಒಂದೇ ಪಟ್ಟಿಗೆ ಕೇಳಿದೆ. ನಾಚಿಕೆಯ ವಿಷಯ ಅಂದರೆ ಅದೇ ಮೊದಲ ಸಲ. ಅದುವರೆಗೆ ಎರಡನೇ ಬದಿ ದಾಟಿರಲಿಲ್ಲ. ಆಲ್ಬಮ್ಮಿನ ಕೊನೆಯಲ್ಲಿ ಒಂದು ದನಿ ಅರ್ಧ ವಾಕ್ಯ ಹೇಳಿ ನಿಂತುಬಿಡುತ್ತದೆ. ಉಳಿದರ್ಧ ಎಲ್ಲಿದೆ ಅಂದರೆ, ಆಲ್ಬಮ್ಮಿನ ತೀರಾ ಆರಂಭದಲ್ಲಿ. ಮುಗಿದದ್ದು ಮತ್ತೆ ಶುರುವಾಗುತ್ತದೆ, ಬಿದ್ದ ಗೋಡೆ ಮತ್ತೆ ಏಳುತ್ತದೆ. ಇದನ್ನು ಬರೆದು ಬೆಳಿಗ್ಗೆ ಕೊಟ್ಟೆ. ಅವನು ಓದಿ, ಒಂದು ಅಲ್ಪವಿರಾಮ ತಿದ್ದಿ, ರುಜು ಹಾಕಿದ.

ಆಮೇಲೂ ‘ದ ವಾಲ್’ ನನಗೆ ಅಷ್ಟೇನೂ ಇಷ್ಟವಾಗಲಿಲ್ಲ. ಆದರೆ ಇಷ್ಟವಾಗದ್ದಕ್ಕೆ ಕಾರಣ ಬರೆಯಲು ಬಂತು. ಲೇಖನ ಅಚ್ಚಾಯಿತಾ ಅಂದರೆ, ಇಲ್ಲ. ಆ ವಾರ ಜಾಗ ಇರಲಿಲ್ಲ, ಮುಂದಿನ ವಾರ ಎಲ್ಲರೂ ಮರೆತರು.

ಈಗ ಐದನೇ ಪುಟ. 1975ರ ‘ವಿಶ್ ಯು ವರ್ ಹಿಯರ್’ ಬಗ್ಗೆ ಬರೆಯುತ್ತಾ ಆರಂಭದ ಗಿಟಾರಿನ ಬಗ್ಗೆ ನೀವು ಹೇಳಿದ್ದು: “ಆ ನಾಲ್ಕು ಸ್ವರ ಬರುವ ಹೊತ್ತಿಗೆ ನಾನು ಯಾರಿಗಾಗಿ ಕಾಯುತ್ತಿದ್ದೆ ಅನ್ನುವುದೇ ಮರೆತಿತ್ತು.”

ಇಲ್ಲಿ ಪೆನ್ಸಿಲ್ ಕೆಳಗಿಟ್ಟೆ. ಅದು ಬ್ಯಾರೆಟ್ ಇಲ್ಲದಿರುವುದರ ಬಗ್ಗೆ ಮಾಡಿದ ಆಲ್ಬಮ್. 1975ರ ಜೂನ್ 5ರಂದು, ಕೆಲಸ ನಡೆಯುತ್ತಿದ್ದಾಗಲೇ, ಬ್ಯಾರೆಟ್ ಹೇಳದೆ ಕೇಳದೆ ಸ್ಟುಡಿಯೋಗೆ ಬಂದರು. ಮೈ ದಪ್ಪಗಾಗಿತ್ತು, ಹುಬ್ಬು ಬೋಳಿಸಿತ್ತು. ಹಳೇ ಗೆಳೆಯರಿಗೆ ಮೊದಲಿಗೆ ಗುರುತೇ ಸಿಗಲಿಲ್ಲ. ಯಾರಿಗಾಗಿ ಹಾಡು ಕಟ್ಟುತ್ತಿದ್ದರೋ ಅವನೇ ಎದುರಿಗೆ ಕೂತಿದ್ದ. ನೀವು ಈ ಕಥೆಯ ಒಂದಕ್ಷರವೂ ಎತ್ತದೆ ಅದರ ಒಳಗೆ ಕೈ ಹಾಕಿದ್ದೀರಿ.

ಆಮೇಲೆ ಏನು ಮಾಡಿದಿರಿ? ಮುಂದಿನ ಸಾಲು: “ಹೀಗೆ ಈ ಆಲ್ಬಮ್ ಕೂಡ ಕೆಲವರಿಗೆ ಪ್ರಿಯ.”

ಯಾರಿಗೆ? ಸ್ವಲ್ಪ ಹಿಂದಿನ ಸಾಲು ಓದಿ ನೋಡಿ. ಒಂಬತ್ತು ಪುಟದಲ್ಲಿ ನೀವು ಕಿವಿ ತೆರೆದು ಕೂತದ್ದು ಆ ಒಂದೇ ಕಡೆ, ಅದೂ ನೀವು ಗೆಲ್ಲಿಸಿದ ಆಲ್ಬಮ್ ಮುಂದೆ ಅಲ್ಲ. 741 ವಾರದ ಜನರ ಹಿಂದೆ ಅಡಗಿ ನಿಂತವರು ನೀವೇ ಇರಬೇಕು ಅಂತ ನನ್ನ ಗುಮಾನಿ. ಕೊನೇ ಪುಟದ “ಅಂತಿಮವಾಗಿ ಅವರವರ ರುಚಿ ಅವರವರದು” ಅನ್ನುವ ಸಾಲು ಓದಿದಾಗ ಗುಮಾನಿ ಗಟ್ಟಿಯಾಯಿತು. ಮೂರನೇ ಪುಟದಲ್ಲಿ ತೀರ್ಪು, ಒಂಬತ್ತನೇ ಪುಟದಲ್ಲಿ ಅಡ್ಡಗೋಡೆಯ ಮೇಲೆ ದೀಪ. ಆ ಸಾಲನ್ನು ಹೊಡೆದುಹಾಕಿದ್ದೇನೆ.

ಮತ್ತೆ ಬರೆದು ಕಳಿಸಿ. ಐದು ಪುಟ ಸಾಕು. ಆ ನಾಲ್ಕು ಸ್ವರದಿಂದ ಶುರು ಮಾಡಿ. ಹಟ ಹಿಡಿದು ‘ಡಾರ್ಕ್ ಸೈಡ್’ ಪರವೇ ವಾದಿಸುವುದಾದರೆ, ಟೋರಿಯನ್ನೂ ಆ ಬಾಗಿಲು ಕಾಯುವವರನ್ನೂ ಅಡಿಟಿಪ್ಪಣಿಯಿಂದ ಮೇಲಕ್ಕೆ ಕರೆದುಕೊಂಡು ಬನ್ನಿ. ‘ಕೆಲವರು’ ಒಂದು ಸಲ ಬಂದರೂ ಓದದೆ ವಾಪಸ್ ಕಳಿಸುತ್ತೇನೆ.

ನಿಮ್ಮ ಪ್ರತಿ ಇದರ ಜೊತೆಗಿದೆ. ನಾಲ್ಕನೇ ಪುಟದ ಅಂಚಿನಲ್ಲಿ, ‘ಅನಿಮಲ್ಸ್’ ಸಾಲಿನ ಪಕ್ಕ, ಸಿಟ್ಟಿನಲ್ಲಿ ಏನೋ ಬರೆದು ಆಮೇಲೆ ಚೆನ್ನಾಗಿ ಗೀಚಿ ಅಳಿಸಿದ್ದೇನೆ. ದೀಪಕ್ಕೆ ಹಿಡಿದು ಓದಲು ಹೋಗಬೇಡಿ.