ಹಳೇ ಎಚ್‌ಎಂಟಿ ಟ್ರ್ಯಾಕ್ಟರ್‌ಗೆ ಲೋಕಲ್ ಕಿಟ್ಟೋ, ಫಾರಿನ್ ಕಿಟ್ಟೋ?

ಪ್ರಶ್ನೆ: ನಮ್ಮದು ಅಪ್ಪ ಕೊಂಡ ಎಚ್‌ಎಂಟಿ 2511. ಈಗ ನೀಲಿ ಹೊಗೆ ಬರುತ್ತಿದೆ, ಆಯಿಲ್‌ನಲ್ಲಿ ನೀರು ಸೇರುತ್ತಿದೆ. ಕಂಪನಿಯೇ ಮುಚ್ಚಿಹೋಗಿದೆ. ಯುರೋಪಿನಿಂದ ಒರಿಜಿನಲ್ ಜೆಟರ್ ಕಿಟ್ (ಪಿಸ್ಟನ್, ಪಿಸ್ಟನ್ ರಿಂಗ್, ಪಿಸ್ಟನ್ ಓಡಾಡುವ ಕೊಳವೆಯಾದ ಲೈನರ್ ಇರುವ ಸೆಟ್) ತರಿಸಿ ಎನ್ನುತ್ತಾರೆ ಮೆಕ್ಯಾನಿಕ್. ಅಂಗಡಿಯವರು ಲುಧಿಯಾನದ ಕಿಟ್ ಸಾಕು ಎನ್ನುತ್ತಾರೆ. ಯಾವುದು ಹಾಕಿಸಲಿ?
– ರಾಣೆಬೆನ್ನೂರು ಕಡೆಯ ರೈತರು

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಆ ಟ್ರ್ಯಾಕ್ಟರ್ ಗುಜರಿಗೆ ಹಾಕುವಂಥದ್ದಲ್ಲ. ಜೆಕೊಸ್ಲೊವಾಕಿಯಾದ ಬ್ರನೋ ಊರಿನ ಜೆಟರ್ ಕಂಪನಿಯ ವಿನ್ಯಾಸವನ್ನು ತಂದು, 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಎಚ್‌ಎಂಟಿ ಇದನ್ನು ತಯಾರಿಸಲು ಶುರು ಮಾಡಿತು. 2016ರಲ್ಲಿ ಆ ಟ್ರ್ಯಾಕ್ಟರ್ ವಿಭಾಗ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಬಾಗಿಲು ಮುಚ್ಚಿದರೂ ಪಾರ್ಟ್ ಸಿಗುತ್ತಲೇ ಇದೆ. ಯಾಕೆ ಗೊತ್ತಾ? ಜೆಟರ್‌ನವರು ಎರಡು, ಮೂರು, ನಾಲ್ಕು ಸಿಲಿಂಡರ್ ಎಂಜಿನ್‌ಗಳಿಗೆ ಎಷ್ಟೋ ಪಾರ್ಟ್‌ಗಳನ್ನು ಒಂದೇ ಮಾಡಿಟ್ಟಿದ್ದರು. ಹಾಗಾಗಿ ಇವತ್ತಿಗೂ ಯುರೋಪಿನಲ್ಲೂ ನಮ್ಮಲ್ಲೂ ಅವನ್ನು ಮಾಡುವವರಿದ್ದಾರೆ.

ಇನ್ನು ನಿಮ್ಮ ಪ್ರಶ್ನೆ. ಪಾರ್ಟ್ ಯಾವ ದೇಶದ್ದು ಎನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಇಂಗ್ಲೆಂಡಿನಲ್ಲಿ ಹಳೇ ಮ್ಯಾಸಿ 35 ಟ್ರ್ಯಾಕ್ಟರ್ ಇಟ್ಟುಕೊಂಡವರು ಹಾಕಿಸುವ ಪಾರ್ಟ್‌ಗಳಲ್ಲಿ ಎಷ್ಟೋ ನಮ್ಮ ದೇಶದಿಂದಲೇ ಹೋದವು. ಡಬ್ಬಿ ಮೇಲೆ ಫಾರಿನ್ ಹೆಸರಿದ್ದರೆ ಒಳಗಿನದೂ ಫಾರಿನ್ ಅಂತೇನಿಲ್ಲ. ಮೊದಲು ನೋಡಬೇಕಾದದ್ದು ಅಳತೆ.

ನನಗೆ ಇದು ಎರಡು ಕಡೆಯಿಂದಲೂ ಪೆಟ್ಟು ತಿಂದ ಮೇಲೆ ಗೊತ್ತಾಯಿತು. ಒಬ್ಬರ ಮಗ ವಿದೇಶದಿಂದ ಕಿಟ್ ತಂದಿದ್ದ. ಚಂದದ ಪ್ಯಾಕಿಂಗ್. ಬಿಚ್ಚಿ ಕ್ಯಾಲಿಪರ್ ಇಟ್ಟರೆ ಬೋರ್ (ಲೈನರ್‌ನ ಒಳ ಅಗಲ) 100 ಮಿ.ಮೀ.! 2511ಕ್ಕೆ ಬೇಕಾದದ್ದು 95. ದೊಡ್ಡ ಮಾಡೆಲ್‌ನ ಕಿಟ್ ಬಂದಿತ್ತು, ವಾಪಸ್ ಕಳಿಸುವ ಹಾಗೂ ಇರಲಿಲ್ಲ. ಇನ್ನೊಂದು ಸಲ ಅಗ್ಗದ ಲೋಕಲ್ ಕಿಟ್ ಹಾಕಿದೆ. ಒಂದು ಉಳುಮೆ ಮುಗಿಯುವುದರೊಳಗೆ ರೈತರು ಡಿಪ್‌ಸ್ಟಿಕ್ ಹಿಡಿದುಕೊಂಡು ಬಂದರು. ಅದರ ತುದಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣದ ಆಯಿಲ್. ಲೈನರ್ ಚೆನ್ನಾಗಿಯೇ ಇತ್ತು. ಅದರ ಬುಡದ ರಬ್ಬರ್ ರಿಂಗ್ ಮಾತ್ರ ಬಿಸಿಗೆ ಊದಿ ಹಿಂಡಿಹೋಗಿತ್ತು.

ನಿಮ್ಮ ಎಂಜಿನ್‌ನದು ವೆಟ್ ಲೈನರ್. ಲೈನರ್ ಸುತ್ತ ನೀರೇ ಓಡಾಡುತ್ತದೆ. ಆ ನೀರನ್ನು ತಡೆಯುವುದು ಬುಡದ ರಬ್ಬರ್ ರಿಂಗ್. ಮೇಲುಗಡೆ ಲೈನರ್ ಬ್ಲಾಕ್‌ಗಿಂತ ಕೂದಲೆಳೆಯಷ್ಟು ಎತ್ತರ ನಿಲ್ಲಬೇಕು, ಆಗಲೇ ಹೆಡ್ ಗ್ಯಾಸ್ಕೆಟ್ ಬಿಗಿಯಾಗಿ ಕೂರುವುದು. ಲೈನರ್ ಕುತ್ತಿಗೆ ತೆಳ್ಳಗಿದ್ದರೆ ಅದು ಕುಸಿದು ಕೂರುತ್ತದೆ. ಹೊಸ ಲೈನರನ್ನು ರಬ್ಬರ್ ರಿಂಗ್ ಇಲ್ಲದೆ ಸುಮ್ನೆ ಇಳಿಸಿ, ಡಯಲ್ ಗೇಜ್ ಇಟ್ಟು ಎತ್ತರ ನೋಡಲು ಹೇಳಿ. ಕಮ್ಮಿ ಇದ್ದರೆ ಶಿಮ್ (ತೆಳು ಲೋಹದ ಬಳೆ) ಹಾಕಬೇಕು. ಬ್ಲಾಕ್‌ನಲ್ಲಿ ರಬ್ಬರ್ ರಿಂಗ್ ಕೂರುವ ಜಾಗದ ತುಕ್ಕು ಕೆರೆದು ತೆಗೆಯದಿದ್ದರೆ ಎಲ್ಲಿಂದ ತರಿಸಿದ ಕಿಟ್ ಆದರೂ ಸೋರುತ್ತದೆ.

ಪಿಸ್ಟನ್ ರಿಂಗ್ ಒಂದೊಂದನ್ನೇ ಲೈನರ್‌ಗೆ ಇಳಿಸಿ ಅದರ ಎರಡು ತುದಿಗಳ ನಡುವಿನ ಸಂದು ಅಳೆಯಬೇಕು. 95 ಮಿ.ಮೀ. ಬೋರ್‌ಗೆ ಸುಮಾರು 0.3ರಿಂದ 0.4 ಮಿ.ಮೀ. ಇರಲಿ. ಅದಕ್ಕಿಂತ ತೀರಾ ಕಮ್ಮಿಯಾದರೆ ಬಿಸಿಗೆ ತುದಿಗಳು ತಾಗಿ ಲೈನರ್ ಗೀರುತ್ತದೆ. ಎರಡೂ ಪಿಸ್ಟನ್‌ಗಳನ್ನು ನಾನು ಊರಿನ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸುತ್ತೇನೆ. ಎರಡೇ ಸಿಲಿಂಡರ್ ಇರುವ ಎಂಜಿನ್ ಅಲ್ವಾ, ತೂಕ ಹೆಚ್ಚುಕಮ್ಮಿಯಾದರೆ ಸ್ಟೀರಿಂಗ್ ಹಿಡಿದ ಕೈಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಅಭಿಪ್ರಾಯ: ಪಿಸ್ಟನ್, ರಿಂಗ್, ಲೈನರ್, ಬೇರಿಂಗ್‌ಗೆ ಹೆಸರಿರುವ ದೇಶಿ ಕಂಪನಿಯ ಮಾಲು ತೆಗೆದುಕೊಳ್ಳಿ, ಬಿಲ್ ಸಮೇತ. ಅಳತೆ ಬರದಿದ್ದರೆ ಬದಲಾಯಿಸಬಹುದು, ಅದೇ ದೊಡ್ಡ ಅನುಕೂಲ. ಡೀಸೆಲ್ ಪಂಪ್ ಮೈಕೋದ್ದಾಗಿದ್ದರೆ ಫಾರಿನ್ ಮಾತೇ ಬೇಡ. ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಪಂಪ್ ಕ್ಯಾಲಿಬ್ರೇಷನ್ ಮಾಡುವವರು ಬಹುತೇಕ ದೊಡ್ಡ ಊರುಗಳಲ್ಲಿ ಇದ್ದಾರೆ. ರಬ್ಬರ್ ರಿಂಗ್ ಮಾತ್ರ ಕಿಟ್ಟಿನದನ್ನು ನಂಬಬೇಡಿ. ಒಳ್ಳೆಯದನ್ನು ಬೇರೆ ಕೊಳ್ಳಿ.

ಹೊರಗಿನಿಂದ ತರಿಸುವುದಾದರೆ ಗೇರ್‌ಬಾಕ್ಸ್‌ಗೆ ತರಿಸಿ. ಅಗ್ಗದ ಗೇರ್‌ನ ಹಲ್ಲಿನ ಅಂಚಿಗೆ ಅರ (ಫೈಲ್) ಇಟ್ಟು ಉಜ್ಜಿ ನೋಡಿ. ಸರಿಯಾಗಿ ಹದ ಮಾಡಿದ ಹಲ್ಲಾದರೆ ಅರ ಜಾರುತ್ತದೆ, ಕಚ್ಚುವುದಿಲ್ಲ. ಕಚ್ಚಿ ಪುಡಿ ಬಂದರೆ ಆ ಗೇರ್ ವಾಪಸ್ ಕೊಡಿ. ಹಿಂದಿನ ಚಕ್ರಗಳನ್ನು ತಿರುಗಿಸುವ ಕ್ರೌನ್ ಮತ್ತು ಪಿನಿಯನ್ ಗೇರ್ ಅಂತೂ ಜೋಡಿಯಾಗಿಯೇ ಬರಬೇಕು. ತರಿಸುವ ಮುಂಚೆ ಹಳೇ ಗೇರ್‌ನ ಹಲ್ಲು ಎಣಿಸಿ, ಅದರ ಮೇಲಿನ ನಂಬರ್ ಫೋಟೊ ತೆಗೆದು ಕಳಿಸಿ. ಕಸ್ಟಮ್ಸ್ ಸುಂಕ, ಸಾಗಣೆ ಸೇರಿದ ಮೇಲಿನ ಬೆಲೆ ಕೇಳಿ. ಇಲ್ಲಿ ಕೊಳ್ಳುವಾಗಲೂ ಬಿಲ್ ನೋಡಿ: 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಹಲವು ಪಾರ್ಟ್‌ಗಳ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿದಿದೆ.

ಕೆಲಸ ಮುಗಿದ ಮೇಲೆ ತಕ್ಷಣ ಹೊಸ ಆಯಿಲ್ ಹಾಕಿಸಬೇಡಿ. ಎಂಜಿನ್ ಬುಡದ ಆಯಿಲ್ ಡ್ರೈನ್ ಪ್ಲಗ್ ಬಿಚ್ಚಿಟ್ಟು, ಅದರ ಕೆಳಗೆ ಒಂದು ಬಟ್ಟಲು ಇಟ್ಟು, ರೇಡಿಯೇಟರ್‌ಗೆ ನೀರು ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಟ್ಟಲಲ್ಲಿ ಒಂದು ಹನಿ ನೀರು ಕಂಡರೂ ಲೈನರ್ ಮತ್ತೆ ಎಬ್ಬಿಸಬೇಕು. ಮೆಕ್ಯಾನಿಕ್ ಅವಸರ ಮಾಡಿದರೂ ಈ ಒಂದು ರಾತ್ರಿ ಬಿಟ್ಟುಕೊಡಬೇಡಿ.