ಸೈಬರ್ ಕೇಸಲ್ಲಿ ಸರ್ಕಾರಿ ವಕೀಲರ ಕೆಲಸ ಏನು, ನಾವೂ ವಕೀಲರನ್ನ ಇಡಬೇಕಾ?

ಅಪ್ಪನ ಅಕೌಂಟಿಂದ ದುಡ್ಡು ಹೋಗಿದೆ, ಸೆನ್ ಠಾಣೇಲಿ (ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆ) ಎಫ್‌ಐಆರ್ ಆಗಿದೆ, ಕೋರ್ಟಲ್ಲಿ ಸರ್ಕಾರಿ ವಕೀಲರೇ ಇರ್ತಾರಲ್ಲ, ನಾವು ಬೇರೆ ಇಡಬೇಕಾ ಅಂತ ಕೇಳಿದ್ದೀರಿ. ನಾನು ಇಂಥ ಕೇಸಲ್ಲಿ ದೂರುದಾರರ ಪರ ಓಡಾಡೋ ವಕೀಲ.

ನಮ್ಮ ದೇಶದಲ್ಲಿ ತನಿಖೆ ಪೊಲೀಸರದು, ಎಪಿಪಿ, ಅಂದ್ರೆ ಸಹಾಯಕ ಸರ್ಕಾರಿ ವಕೀಲರು, ಸಲಹೆ ಕೊಡಬಹುದು ಅಷ್ಟೇ, ಆ ಬ್ಯಾಂಕಿಂದ ಇದನ್ನ ತರಿಸಿ ಅಂತ ಆರ್ಡರ್ ಮಾಡೋ ಹಾಗಿಲ್ಲ. ಶುರುವಲ್ಲಿ ಅವರು ಕಾಣೋದು ರಿಮಾಂಡ್‌ಗೆ, ಬೇಲ್ ಅರ್ಜಿಗೆ ತಕರಾರು ಹಾಕೋಕೆ. ಅಲ್ಲೂ ಎಫ್‌ಐಆರಲ್ಲಿ ಯಾವ ಸೆಕ್ಷನ್ ಇದೆ ಅನ್ನೋದೇ ಮುಖ್ಯ, ಬರೀ ಐಟಿ ಆ್ಯಕ್ಟ್ 66ಡಿ (ಕಂಪ್ಯೂಟರ್, ಫೋನ್ ಬಳಸಿ ಬೇರೆಯವರ ಸೋಗಲ್ಲಿ ಮೋಸ) ಇದ್ರೆ ಅದು 3 ವರ್ಷದ ಜಾಮೀನು ಸಿಗೋ ಕೇಸು, ಜೊತೆಗೆ ಬಿಎನ್‌ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 318(4), ಅಂದ್ರೆ ವಂಚನೆ ಸೆಕ್ಷನ್, ಹಾಕಿದ್ರೆ 7 ವರ್ಷದವರೆಗೆ ಶಿಕ್ಷೆ ಇರೋದ್ರಿಂದ ಎಪಿಪಿಗೆ ವಾದ ಮಾಡೋಕೆ ಜಾಗ ಸಿಗತ್ತೆ. ನಿಮ್ಮ ಎಫ್‌ಐಆರ್ ಕಾಪಿ ತೆಗೆದು ಇವತ್ತೇ ನೋಡಿ.

ನನಗೆ ನಿಜವಾಗ್ಲೂ ಸಂಕಟ ಆಗೋದು ಚಾರ್ಜ್‌ಶೀಟ್ ಆದ್ಮೇಲೆ. ವಾಟ್ಸಾಪ್ ಸ್ಕ್ರೀನ್‌ಶಾಟ್, ಕಾಲ್ ಡೀಟೇಲ್ಸ್ ಎಲ್ಲ ಫೈಲಲ್ಲಿ ಇರತ್ತೆ, ಈ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿ ಸರಿಯಾಗಿದೆ ಅಂತ ದೃಢೀಕರಿಸೋ ಸರ್ಟಿಫಿಕೇಟ್ ಮಾತ್ರ ಇರಲ್ಲ. ಅದು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತರಾವ್ ಕೇಸಲ್ಲಿ ಸ್ಪಷ್ಟವಾಗಿ ಹೇಳಿದೆ. 2024ರ ಜುಲೈ 1ರಿಂದ ಬಂದಿರೋ ಹೊಸ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 63ರಲ್ಲಿ ಆ ಸರ್ಟಿಫಿಕೇಟ್‌ಗೆ ಎರಡು ಭಾಗ, ಒಂದಕ್ಕೆ ದಾಖಲೆ ಕೊಡೋರು ಸಹಿ ಹಾಕಬೇಕು, ಇನ್ನೊಂದಕ್ಕೆ ಎಕ್ಸ್‌ಪರ್ಟ್, ಹ್ಯಾಶ್ ವ್ಯಾಲ್ಯೂನೂ (ಫೈಲ್ ಬದಲಾಗಿಲ್ಲ ಅಂತ ತೋರಿಸೋ ಡಿಜಿಟಲ್ ಗುರುತು) ಬರೀಬೇಕು. ವಿಚಾರಣೆ ನಡೀತಿರೋವಾಗ್ಲೂ ಅದನ್ನ ಹಾಜರು ಮಾಡಿಸಬಹುದು, ಆದ್ರೆ ಒಬ್ಬ ಎಪಿಪಿ ಮುಂದೆ ದಿನಾ ಫೈಲುಗಳ ರಾಶಿ ಇರೋವಾಗ ನಿಮ್ಮ ಫೈಲಲ್ಲಿ ಏನು ಕಮ್ಮಿ ಇದೆ ಅಂತ ಯಾರಾದ್ರೂ ನೆನಪಿಸಬೇಕಲ್ವಾ? ಅದಕ್ಕೇ ನಿಮ್ಮ ಕಡೆ ವಕೀಲರು ಇದ್ರೆ ಒಳ್ಳೇದು ಅನ್ನೋದು. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕಾಯ್ದೆ) 338ರ ಪ್ರಕಾರ ಅವರು ಎಪಿಪಿ ಹೇಳಿದ ಹಾಗೇ ನಡೀಬೇಕು, ತಾವೇ ಕೇಸ್ ನಡೆಸೋ ಹಾಗಿಲ್ಲ, ಸಾಕ್ಷಿ ಮುಗಿದ್ಮೇಲೆ ಕೋರ್ಟ್ ಒಪ್ಪಿದ್ರೆ ಲಿಖಿತ ವಾದ ಕೊಡಬಹುದು.

ಅಪ್ಪನ ಮೊಬೈಲ್ ದಯವಿಟ್ಟು ಎಕ್ಸ್‌ಚೇಂಜ್‌ಗೆ ಹಾಕಬೇಡಿ, ರೀಸೆಟ್ಟೂ ಬೇಡ. ಮೆಸೇಜ್ ಬಂದ ಆ ಫೋನನ್ನೇ ಅವರು ಕೋರ್ಟಿಗೆ ತಂದು ಸಾಕ್ಷಿ ಹೇಳಿದ್ರೆ ಅದೇ ಮೂಲ ದಾಖಲೆ, ಆ ಮೆಸೇಜಿಗೆ ಸರ್ಟಿಫಿಕೇಟ್ ಗೋಜೇ ಇಲ್ಲ.

ಇನ್ನೊಂದು, ಬೇರೆ ಅಕೌಂಟಲ್ಲಿ ಫ್ರೀಜ್ ಆಗಿರೋ ದುಡ್ಡಿಗೆ ಕೇಸ್ ಮುಗಿಯೋವರೆಗೂ ಕಾಯಬೇಕು ಅಂತೇನಿಲ್ಲ. ಬಿಎನ್‌ಎಸ್‌ಎಸ್ 503ರಲ್ಲಿ ಮ್ಯಾಜಿಸ್ಟ್ರೇಟ್ ಹತ್ರ ಅರ್ಜಿ ಹಾಕಿ, ತನಿಖಾಧಿಕಾರಿ ರಿಪೋರ್ಟ್ ಬೇಗ ಬರೋ ಹಾಗೆ ಠಾಣೆಗೆ ಹೋಗಿ ಕೇಳ್ತಾ ಇರಿ, ಎಪಿಪಿ ತಕರಾರಿಲ್ಲ ಅಂದ್ರೆ ಆರ್ಡರ್ ಆಗೋದು ಸುಲಭ.