“ಬೇಗ ಬೇಗ” ಎಂದರೆ ಏನು ಮಾಡಬೇಕು? ಮೊದಲ ಕೆಲಸದಲ್ಲಿ ಸಿಕ್ಕಿಕೊಂಡ ಹುಡುಗಿಯ ಪ್ರಕರಣ

(ಹುಡುಗಿ ಮತ್ತು ತಾಯಿ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದದ್ದು.)

ವಯಸ್ಸು 17. ಓದಿನ ಜೊತೆಗೆ ಸಂಜೆ ಹೊತ್ತು ದಿನಕ್ಕೆ ನಾಲ್ಕು ಗಂಟೆ ಅವಧಿಯ ಅರೆಕಾಲಿಕ ಕೆಲಸ, ವಾರಕ್ಕೆ ಐದು ದಿನ. ಆನ್‌ಲೈನ್ ಆರ್ಡರ್‌ಗಳ ಗೋದಾಮಿನಲ್ಲಿ ಪ್ಯಾಕಿಂಗ್. ಸೇರಿದ ಮೂರನೇ ವಾರದಲ್ಲೇ ತಾಯಿ ಆಪ್ತಸಲಹೆಗೆಂದು ನಮ್ಮಲ್ಲಿಗೆ ಕರೆತಂದರು. ಕೆಲಸಕ್ಕೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ಬಂದ ಮೇಲೆ ಅಳು, ರಾತ್ರಿ ಎರಡಾದರೂ ನಿದ್ದೆಯಿಲ್ಲ. ಗಂಟೆಗೆ 45 ಬಾಕ್ಸ್ ಆಗಬೇಕು, ಅವಳಿಂದ ಆಗುತ್ತಿದ್ದದ್ದು 28. ಪಕ್ಕದ ಟೇಬಲಿನಲ್ಲಿ ಹಲವು ವರ್ಷಗಳಿಂದ ಇರುವವರು 60 ಮುಟ್ಟಿಸುತ್ತಾರೆ. ಸೂಪರ್‌ವೈಸರ್ ಹಾದುಹೋದಾಗಲೆಲ್ಲ “ಬೇಗ ಬೇಗ, ಕೈ ಓಡ್ಲಿ” ಅನ್ನುತ್ತಾರೆ. ಹುಡುಗಿ ಬಂದು ಕೂತವಳೇ ಹೇಳಿದ್ದು ಇಷ್ಟು: “ನಾನು ಮೊದಲಿಂದಲೂ ನಿಧಾನ. ನನ್ನ ಕೈಲಿ ಆಗಲ್ಲ.”

ಮೊದಲು ತಿಳಿದುಕೊಂಡದ್ದು

ವೇಗದ ಮಾತಿಗೆ ಹೋಗುವ ಮುಂಚೆ ಬೇರೆ ಕೆಲವು ಪ್ರಶ್ನೆಗಳಿಗೆ ಉತ್ತರ ಬೇಕಿತ್ತು. ನಿಧಾನವಾಯಿತೆಂದು ಸಂಬಳ ಹಿಡಿಯುತ್ತಾರಾ? ನೀರು ಕುಡಿಯಲು, ಶೌಚಕ್ಕೆ ಹೋಗಲು ತಡೆಯುತ್ತಾರಾ? ಬೈಗುಳ, ಮೈ ಮುಟ್ಟುವುದು ಇದೆಯಾ? ಯಂತ್ರದ ಕೆಲಸ, ಭಾರ ಎತ್ತುವ ಕೆಲಸ ಕೊಡುತ್ತಾರಾ? ರಾತ್ರಿ ಎಷ್ಟರವರೆಗೆ ನಿಲ್ಲಿಸಿಕೊಳ್ಳುತ್ತಾರೆ? ಸಾಯಬೇಕೆಂಬ ಯೋಚನೆ ಬಂದದ್ದುಂಟಾ? ಈ ಕೊನೆಯದನ್ನು ತಾಯಿಯನ್ನು ಹೊರಗೆ ಕೂರಿಸಿ, ಸುತ್ತಿ ಬಳಸದೆ ನೇರವಾಗಿ ಕೇಳಲಾಯಿತು. ಹದಿಹರೆಯದವರನ್ನು ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಅನೇಕರಲ್ಲಿದೆ. ಆ ಭಯಕ್ಕೆ ಆಧಾರವಿಲ್ಲ.

ಈ ಪ್ರಶ್ನೆಗಳೇ ಮೊದಲು ಬರಬೇಕು ಎನ್ನಲು ಕಾರಣವಿದೆ. ಆರೋಗ್ಯ ಮತ್ತು ಸುರಕ್ಷತೆಗೆ ಹಾನಿ ತರುವ ಕೆಲಸಕ್ಕೆ 18 ತುಂಬದವರನ್ನು ಹಚ್ಚಬಾರದು ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1973ರ ಮತ್ತು 1999ರ ಒಡಂಬಡಿಕೆಗಳು ಹೇಳುತ್ತವೆ. 1999ರ ಒಡಂಬಡಿಕೆಯ ಜೊತೆಗಿರುವ ಶಿಫಾರಸು ಅಪಾಯಕಾರಿ ಯಂತ್ರ, ಭಾರದ ಹೊರೆ, ದೀರ್ಘ ಅವಧಿ, ರಾತ್ರಿ ಪಾಳಿ ಇವುಗಳನ್ನು ಹೆಸರಿಸಿಯೇ ಹೇಳುತ್ತದೆ. ಅಂಥದ್ದು ಇದ್ದಿದ್ದರೆ “ಒತ್ತಡ ತಾಳಿಕೊಳ್ಳುವುದು ಹೇಗೆ” ಎಂದು ಕಲಿಸುವುದು ಆ ಹುಡುಗಿಗೆ ಮಾಡುವ ಅನ್ಯಾಯವಾಗುತ್ತಿತ್ತು. ಇಲ್ಲಿ ಅದಿರಲಿಲ್ಲ. ಸೂಪರ್‌ವೈಸರ್ ಒರಟು ಮಾತಿನ ಮನುಷ್ಯ, ಕೆಟ್ಟವರಲ್ಲ. ಶೌಚಕ್ಕೆ ಯಾರೂ ತಡೆದಿರಲಿಲ್ಲ. ಲೆಕ್ಕ ಕಡಿಮೆಯಾದೀತೆಂದು ಅವಳೇ ಹೋಗುತ್ತಿರಲಿಲ್ಲ, ಹೋಗಬೇಕಾದೀತೆಂದು ನೀರೂ ಕುಡಿಯುತ್ತಿರಲಿಲ್ಲ.

128 ಸೆಕೆಂಡ್ ಎಲ್ಲಿ ಹೋಗುತ್ತಿತ್ತು

ಗಂಟೆಗೆ 28 ಎಂದರೆ ಒಂದು ಬಾಕ್ಸಿಗೆ ಸುಮಾರು 128 ಸೆಕೆಂಡ್. 45 ಆಗಬೇಕಾದರೆ 80. ಈ 48 ಸೆಕೆಂಡನ್ನು ಕೈ ಬೀಸಿ ಉಳಿಸಬಹುದೆಂದೇ ಅವಳು ನಂಬಿದ್ದಳು, ಬಹುಶಃ ಸೂಪರ್‌ವೈಸರ್ ಕೂಡ. ಆದ್ದರಿಂದ ಆರ್ಡರ್ ಕಡಿಮೆಯಿದ್ದ ಹೊತ್ತಿನಲ್ಲಿ ಸಹೋದ್ಯೋಗಿಯೊಬ್ಬರಿಂದ ಹತ್ತು ಬಾಕ್ಸಿನ ಸಮಯ ಬರೆಸಿಕೊಂಡು ಬರಲು ಹೇಳಲಾಯಿತು, ಒಟ್ಟು ಸಮಯವಲ್ಲ, ಒಂದೊಂದು ಹಂತದ್ದು. ಸರಾಸರಿ ಹೀಗೆ ಬಂತು: ವಸ್ತುಗಳನ್ನು ಸ್ಕ್ಯಾನ್ ಮಾಡಿ ಎದುರಿಗಿಟ್ಟುಕೊಳ್ಳಲು 30 ಸೆಕೆಂಡ್, ಬಾಕ್ಸ್ ಆರಿಸಿ ಮಡಚಲು 34, ತುಂಬಿ ಖಾಲಿ ಜಾಗಕ್ಕೆ ಕಾಗದ ತುರುಕಲು 20, ಟೇಪಿಗೆ 17, ಲೇಬಲಿಗೆ 9, ಎಲ್ಲ ಆದ ಮೇಲೆ “ಸರಿ ಇದೆಯಾ” ಎಂದು ಮತ್ತೆ ನೋಡಲು 18.

ಈ ಪಟ್ಟಿಯನ್ನು ಅವಳ ಮುಂದಿಟ್ಟಾಗ ಮುಖದ ಬಿಗುವು ಮೊದಲ ಸಲ ಸಡಿಲವಾಯಿತು. ಸ್ಕ್ಯಾನ್ ಮಾಡುವುದರಲ್ಲಿ, ತುಂಬುವುದರಲ್ಲಿ, ಲೇಬಲಿನಲ್ಲಿ ಅವಳು ನಿಧಾನವೇ ಅಲ್ಲ. ಸಮಯ ಸೋರುತ್ತಿದ್ದದ್ದು ಮೂರು ಕಡೆ. ಬಾಕ್ಸುಗಳು ನಾಲ್ಕು ಅಳತೆಯವು. ಯಾವುದು ಎಂದು ಯೋಚಿಸುತ್ತ ನಿಲ್ಲುತ್ತಿದ್ದಳು, ಚಿಕ್ಕದನ್ನು ಮಡಚಿ, ಹಿಡಿಸದೆ, ದೊಡ್ಡದನ್ನು ಮಡಚುತ್ತಿದ್ದಳು. ಟೇಪ್ ಸೊಟ್ಟಗಾದರೆ ಕಿತ್ತು ಹೊಸದಾಗಿ ಹಚ್ಚುತ್ತಿದ್ದಳು. ಐದರಲ್ಲಿ ಒಂದು ಬಾಕ್ಸನ್ನು ಟೇಪ್ ಹಾಕಿದ ಮೇಲೂ ಬಿಚ್ಚಿ ವಸ್ತು ಎಣಿಸುತ್ತಿದ್ದಳು. ಸ್ಕ್ಯಾನರ್ ಅದಾಗಲೇ ಎಣಿಸಿರುತ್ತದೆ ಎಂಬುದು ಅವಳಿಗೆ ಗೊತ್ತಿದ್ದರೂ.

ಗದರಿಸಿಕೊಂಡ ಒಂದು ದಿನ ಅವಳು ಗಂಟೆಗೆ 34 ಮಾಡಿದ್ದಳು. ಅದರಲ್ಲಿ ಮೂರು ಲೇಬಲ್ ಅದಲುಬದಲು. ಒಂದೊಂದನ್ನು ಹುಡುಕಿ ತೆಗೆದು ಸರಿಪಡಿಸಲು ಆರು ನಿಮಿಷ, ಒಟ್ಟು ಹದಿನೆಂಟು. ಅವಳ ಮಾಮೂಲಿ ವೇಗದಲ್ಲಿ ಹದಿನೆಂಟು ನಿಮಿಷಕ್ಕೆ ಎಂಟು ಬಾಕ್ಸ್ ಆಗುತ್ತವೆ. ಹೆಚ್ಚಿಗೆ ಮಾಡಿದ್ದು ಆರು, ಕಳೆದುಕೊಂಡದ್ದು ಎಂಟು. ಅವಸರದಿಂದ ಆಗುವ ನಷ್ಟ ಸಾಮಾನ್ಯವಾಗಿ ಹೀಗೆಯೇ ಮರುಕೆಲಸದ ರೂಪದಲ್ಲಿ ಬರುತ್ತದೆ, ಪರದೆಯ ಮೇಲಿನ ಎಣಿಕೆಯಲ್ಲಿ ಕಾಣುವುದಿಲ್ಲ.

ಪಕ್ಕದ ಟೇಬಲಿನವರಿಗೆ ಆಗುವುದು ಇವಳಿಗೇಕೆ ಆಗುವುದಿಲ್ಲ

ಕೈಕೆಲಸದ ಕಲಿಕೆ ಮೂರು ಹಂತಗಳಲ್ಲಿ ಸಾಗುತ್ತದೆ ಎಂದು ಮನೋವಿಜ್ಞಾನಿಗಳಾದ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ 1967ರಲ್ಲಿ ವಿವರಿಸಿದರು. ಮೊದಲು ಪ್ರತಿ ಹೆಜ್ಜೆಯನ್ನೂ ಯೋಚಿಸಿ ಮಾಡುವುದು, ನಂತರ ಹೆಜ್ಜೆಗಳು ಒಂದಕ್ಕೊಂದು ಕೂಡಿಕೊಳ್ಳುವುದು, ಕೊನೆಗೆ ಯೋಚನೆಯಿಲ್ಲದೆ ಕೈಯೇ ಮಾಡುವುದು. ಅನುಭವಿಗಳು ಮೂರನೆಯದರಲ್ಲಿದ್ದಾರೆ, ಹುಡುಗಿ ಮೊದಲನೆಯದನ್ನು ಈಗಷ್ಟೇ ದಾಟುತ್ತಿದ್ದಾಳೆ. ಮೊದಲ ಹಂತದ ಕೆಲಸಕ್ಕೆ ಮನಸ್ಸಿನಲ್ಲಿ ಜಾಗ ಬೇಕು, ಆ ಜಾಗವೋ ಬಹಳ ಚಿಕ್ಕದು: ಒಂದು ಸಲಕ್ಕೆ ನಾಲ್ಕು ಸಂಗತಿಗಳ ಆಸುಪಾಸು. “ನೋಡ್ತಾ ಇದಾರಾ”, “ಎಷ್ಟಾಯ್ತು”, “ತೆಗೆದುಹಾಕಿದ್ರೆ?” ಈ ಮೂರು ಒಳಗೆ ಬಂದು ಕೂತರೆ ಬಾಕ್ಸಿನ ಅಳತೆಗೆ ಉಳಿಯುವ ಜಾಗವೆಷ್ಟು?

ರಾಬರ್ಟ್ ಯರ್ಕಿಸ್ ಮತ್ತು ಜಾನ್ ಡಾಡ್ಸನ್ 1908ರಲ್ಲಿ ಚಿಕ್ಕ ಇಲಿಗಳ ಮೇಲೆ ಮಾಡಿದ ಪ್ರಯೋಗ ಇದೇ ಕಡೆಗೆ ಬೊಟ್ಟು ಮಾಡುತ್ತದೆ. ಸುಲಭದ ಕಲಿಕೆಗೆ ಜೋರು ಪ್ರಚೋದನೆ ನೆರವಾಯಿತು, ಕಷ್ಟದ ಕಲಿಕೆಗೆ ಅದೇ ತೊಡಕಾಯಿತು. ಪ್ಯಾಕಿಂಗ್ ಕೈಗೆ ಹತ್ತಿದವರಿಗೆ “ಬೇಗ ಬೇಗ” ಎಂದರೆ ಚುರುಕಾಗುತ್ತಾರೆ. ಕಲಿಯುತ್ತಿರುವವಳಿಗೆ ಹಾಗೆಂದರೆ ಕೈ ತಪ್ಪುತ್ತದೆ. ಒಂದೇ ಮಾತು, ಎರಡು ಟೇಬಲಿನಲ್ಲಿ ಎರಡು ಪರಿಣಾಮ. ಹುಡುಗಿಗೆ ಇದನ್ನು ಬಿಡಿಸಿ ಹೇಳಲು ಒಂದಿಡೀ ಭೇಟಿ ಹಿಡಿಯಿತು. ಅದು ದಂಡವಾಗಲಿಲ್ಲ, “ನಾನೇ ನಿಧಾನ” ಎಂಬ ಮಾತು ಆಮೇಲೆ ಬರಲಿಲ್ಲ.

ಕೊಟ್ಟ ಸಲಹೆ

ಕೈಯ ವೇಗವನ್ನು ಮುಟ್ಟಲೇ ಇಲ್ಲ. ಆ ಮೂರು ಸೋರಿಕೆಗಳನ್ನಷ್ಟೇ ಹಿಡಿದದ್ದು.

ಬಾಕ್ಸ್ ಆರಿಸುವುದನ್ನು ಯೋಚನೆಯಿಂದ ತೆಗೆದು ಅಳತೆಗೆ ಒಪ್ಪಿಸಬೇಕಿತ್ತು. ಆಯ್ಕೆಗಳು ಹೆಚ್ಚಿದಷ್ಟೂ ನಿರ್ಧಾರಕ್ಕೆ ಹಿಡಿಯುವ ಸಮಯ ಹೆಚ್ಚುತ್ತದೆ ಎಂದು ವಿಲಿಯಂ ಹಿಕ್ 1952ರಲ್ಲೇ ಅಳೆದು ತೋರಿಸಿದ್ದಾರೆ. ಸೂಪರ್‌ವೈಸರ್ ಅನುಮತಿ ಪಡೆದು ಟೇಬಲಿನ ಅಂಚಿನಲ್ಲಿ, ಎಡತುದಿಯಿಂದ ಆರಂಭಿಸಿ, ನಾಲ್ಕು ಬಾಕ್ಸುಗಳ ಉದ್ದಕ್ಕೆ ನಾಲ್ಕು ಟೇಪ್ ಗುರುತು ಹಾಕಿಕೊಂಡಳು. ಆರ್ಡರಿನ ವಸ್ತುಗಳನ್ನು ಬಾಕ್ಸಿನೊಳಗೆ ಕೂರಿಸುವಂತೆಯೇ ಆ ಅಂಚಿಗೆ ಜೋಡಿಸುವುದು, ಎರಡು ಬೆರಳಗಲ ಜಾಗ ಬಿಟ್ಟು ಯಾವ ಗುರುತಿನೊಳಗೆ ನಿಲ್ಲುತ್ತದೋ ಆ ಬಾಕ್ಸ್. ಎರಡರ ನಡುವೆ ಅನುಮಾನ ಬಂದರೆ ದೊಡ್ಡದು, ಚರ್ಚೆಯಿಲ್ಲ. ಚಿಕ್ಕದು ಹಿಡಿಸದಿದ್ದರೆ ಮೂವತ್ತು ಸೆಕೆಂಡ್ ಹೋಗುತ್ತದೆ, ದೊಡ್ಡದು ಸಡಿಲವಾದರೆ ಎರಡು ಹಿಡಿ ಕಾಗದ ಹೋಗುತ್ತದೆ. ಆರ್ಡರ್ ಕಡಿಮೆಯಿರುವ ಹೊತ್ತಿನಲ್ಲಿ ಹೆಚ್ಚು ಬಳಕೆಯ ಎರಡು ಅಳತೆಯಲ್ಲಿ ಐದೈದು ಬಾಕ್ಸುಗಳನ್ನು ತಳಕ್ಕೆ ಟೇಪ್ ಹಾಕಿ ಸಿದ್ಧವಾಗಿಟ್ಟುಕೊಳ್ಳುವುದು.

ಟೇಪ್ ಬಾಕ್ಸಿನ ನಡುಗೆರೆಯ ಮೇಲೆ, ಎರಡೂ ಬದಿಗೆ ಸುಮಾರು ಐದು ಸೆಂಟಿಮೀಟರ್ ಇಳಿಯುವಂತೆ. ಸೊಟ್ಟಗಾದರೆ ಕೀಳಬಾರದು, ಅದರ ಮೇಲೇ ಇನ್ನೊಂದು ಪಟ್ಟಿ ಎಳೆಯಬೇಕು. ಕಿತ್ತರೆ ಬಾಕ್ಸಿನ ಮೇಲ್ಪದರ ಹರಿದು ಬರುತ್ತದೆ, ಹೊಸ ಟೇಪೂ ಅಲ್ಲಿ ಹಿಡಿಯುವುದಿಲ್ಲ.

ಅತಿ ಕಷ್ಟದ್ದು ಬಿಚ್ಚಿ ನೋಡುವ ಚಟ. ಅದು ಎಚ್ಚರಿಕೆಯಂತೆ ಕಾಣುತ್ತದೆ, ಆದರೆ ಆತಂಕಕ್ಕೆ ಮೇವು ಹಾಕುತ್ತದೆ. ಬಿಚ್ಚಿ ನೋಡಿದಾಗ ಒಂದು ಗಳಿಗೆ ನೆಮ್ಮದಿ, ಮುಂದಿನ ಬಾಕ್ಸಿನಲ್ಲಿ ಅನುಮಾನ ಇನ್ನಷ್ಟು ಜೋರು. ಪರೀಕ್ಷೆಗೆ ಒಂದೇ ಜಾಗ ಗೊತ್ತುಮಾಡಲಾಯಿತು: ಮುಚ್ಚುವ ಮುಂಚೆ ಬೆರಳಿಟ್ಟು, ತುಟಿ ಆಡಿಸಿ ಎಣಿಸುವುದು, ಲೇಬಲಿನ ಕೊನೆಯ ಮೂರು ಅಂಕಿಗಳನ್ನು ಪರದೆಯೊಡನೆ ತಾಳೆ ನೋಡುವುದು. ಐದು ಸೆಕೆಂಡ್. ಟೇಪ್ ಬಿದ್ದ ಮೇಲೆ ಬಿಚ್ಚುವಂತಿಲ್ಲ. ಮೊದಲ ವಾರ ದಿನಕ್ಕೆ ಎರಡು ಸಲ ಬಿಚ್ಚಲು ಅವಕಾಶ, ಎರಡನೇ ವಾರ ಒಂದು, ನಂತರ ಇಲ್ಲ. ಬಿಚ್ಚಬೇಕೆನಿಸಿದಾಗ ಆ ಒತ್ತಾಯ ಹತ್ತಕ್ಕೆ ಎಷ್ಟಿದೆ ಎಂದು ಮನಸ್ಸಿನಲ್ಲಿ ಅಂಕ ಕೊಟ್ಟು ಮುಂದಿನ ಬಾಕ್ಸಿಗೆ ಕೈ ಹಾಕುವುದು. ಎಂಟರಿಂದ ಮೂರಕ್ಕೆ ಅದು ತಾನಾಗಿಯೇ ಇಳಿಯುತ್ತದೆ ಎಂಬುದನ್ನು ಮೈಯೇ ಕಲಿಯಬೇಕು, ನಾವು ಹೇಳಿದರೆ ಸಾಲದು.

ಈ ಮೂರರಿಂದ ಉಳಿಯುವುದನ್ನು ಕಾಗದದ ಮೇಲೆ ಕೂಡಿ ತೋರಿಸಲಾಯಿತು. ಬಾಕ್ಸ್ 34ರಿಂದ 15ಕ್ಕೆ, ಟೇಪ್ 17ರಿಂದ 12ಕ್ಕೆ, ಪರೀಕ್ಷೆ 18ರಿಂದ 5ಕ್ಕೆ ಇಳಿದರೆ ಒಟ್ಟು 91 ಸೆಕೆಂಡ್, ಅಂದರೆ ಗಂಟೆಗೆ 39 ದಾಟುತ್ತದೆ, ಕೈ ಒಂದಿಷ್ಟೂ ಜೋರಾಗದೆ.

ಸೂಪರ್‌ವೈಸರ್ ಜೊತೆ ಮಾತು ಇನ್ನೊಂದು ಭಾಗ. “ಬೇಗ” ಎಂಬುದು ಸೂಚನೆಯಲ್ಲ. ಯಾವ ಹಂತ, ಎಷ್ಟು, ಯಾವಾಗಿನೊಳಗೆ ಎಂಬುದನ್ನು ಕೇಳಿ ಪಡೆಯಬೇಕು. ಗದರಿಸಿದ ಕ್ಷಣದಲ್ಲಲ್ಲ, ಮರುದಿನ ಕೆಲಸ ಶುರುವಾಗುವ ಐದು ನಿಮಿಷ ಮುಂಚೆ. ಮಾತನ್ನು ಬಾಯಲ್ಲಿ ಆಡಿಸಿ ಅಭ್ಯಾಸ ಮಾಡಿಸಲಾಯಿತು: “ಸರ್, ಒಂದ್ನಿಮಿಷ. ಈಗ ನಂದು ಗಂಟೆಗೆ 28 ಆಗ್ತಿದೆ. ಬಾಕ್ಸ್ ಆರಿಸೋದ್ರಲ್ಲಿ ಟೈಮ್ ಹೋಗ್ತಿದೆ ಅಂತ ಗೊತ್ತಾಯ್ತು, ಸರಿ ಮಾಡ್ಕೊತಿದೀನಿ. ಈ ತಿಂಗಳ ಕೊನೆಗೆ ಎಷ್ಟಾಗ್ಬೇಕು ಹೇಳಿ. ನಾಲ್ಕೈದು ಬಾಕ್ಸ್ ನಿಂತು ನೋಡಿ, ಎಲ್ಲಿ ತಪ್ತಿದೀನಿ ಅಂತ ತೋರಿಸ್ತೀರಾ?” ಮೊದಲ ಸಲ ಅಭ್ಯಾಸದಲ್ಲಿ ಅವಳು ನಾಲ್ಕು ಸಾರಿ “ಸಾರಿ ಸರ್” ಅಂದಳು. ಅದನ್ನು ಬಿಡಿಸಲಾಯಿತು. ಕ್ಷಮೆ ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಅಂಕಿ ಹೇಳಿದರೆ ಎದುರಿನವರೂ ಅಂಕಿಯಲ್ಲಿ ಮಾತಾಡುತ್ತಾರೆ.

ಗದರಿಸಿದ ಆ ಕ್ಷಣಕ್ಕೆ ಮೊದಲೇ ಗೊತ್ತುಮಾಡಿಕೊಂಡ ಒಂದು ನಡೆ ಬೇಕು: “ಬೇಗ” ಎಂದು ಕೇಳಿದರೆ, “ಆಯ್ತು ಸರ್” ಅಂದು, ಒಂದು ಉಸಿರನ್ನು ಉದ್ದಕ್ಕೆ ಹೊರಬಿಟ್ಟು, ಕೈಯಲ್ಲಿರುವ ಹಂತವನ್ನು ಅದೇ ವೇಗದಲ್ಲಿ ಮುಗಿಸುವುದು. ಕಟ್ಟರಿನ ವಿಷಯದಲ್ಲಿ ರಾಜಿಯಿಲ್ಲ: ಅಲಗು ಮೈಯಿಂದ ಆಚೆಗೆ ಚಲಿಸಬೇಕು, ಕೆಲಸ ಮುಗಿದ ಕೂಡಲೇ ಒಳಗೆ ಹೋಗಬೇಕು, ಯಾರು ಏನೇ ಅನ್ನಲಿ.

ನಿದ್ದೆಯ ಮಾತನ್ನು ತಾಯಿಯ ಎದುರಲ್ಲೇ ಆಡಲಾಯಿತು. 13ರಿಂದ 18ರ ವಯಸ್ಸಿಗೆ 8ರಿಂದ 10 ಗಂಟೆ ಬೇಕು, ಅವಳಿಗೆ ಸಿಗುತ್ತಿದ್ದದ್ದು ಐದು. ಕೆಲಸದ ವಾಟ್ಸಾಪ್ ಗುಂಪನ್ನು ಮನೆಗೆ ಬಂದ ಮೇಲೆ ಮ್ಯೂಟ್ ಮಾಡುವುದು, ದಿನದ ಎಣಿಕೆ ಮತ್ತು ವಾಪಸ್ ಬಂದ ತಪ್ಪುಗಳನ್ನು ಪುಸ್ತಕದಲ್ಲಿ ಬರೆದು ಮುಚ್ಚಿಡುವುದು, ವಾರದ ಸರಾಸರಿಯನ್ನಷ್ಟೇ ನೋಡುವುದು. ತಾಯಿಗೆ ಎರಡು ಸಲಹೆ: “ಇವತ್ತು ಎಷ್ಟಾಯ್ತು” ಎಂದು ಕೇಳಬೇಡಿ, “ಎಲ್ಲಿ ಸಿಕ್ಕಾಕೊಂಡೆ” ಎಂದು ಕೇಳಿ. ಸೂಪರ್‌ವೈಸರ್‌ಗೆ ನೀವಾಗಿ ಫೋನ್ ಮಾಡಬೇಡಿ. ಸಂಬಳ, ಸುರಕ್ಷತೆ, ಅನುಚಿತ ನಡತೆಯ ವಿಷಯವಾದರೆ ಮಾತ್ರ ತಡಮಾಡದೆ ಮಾಡಿ.

ಮುಂದೆ ಏನಾಯಿತು

ಮೊದಲ ವಾರ ಲೆಕ್ಕ 28ರಿಂದ 26ಕ್ಕೆ ಇಳಿಯಿತು. ಹೊಸ ಪದ್ಧತಿಗೆ ಕೈ ಒಗ್ಗುವವರೆಗೆ ಇಳಿಯುತ್ತದೆ ಎಂದು ಮುಂಚೆಯೇ ಹೇಳಿದ್ದರಿಂದ ತಡೆದುಕೊಂಡಳು. ಹೇಳದೆ ಇದ್ದಿದ್ದರೆ ಬಹುಶಃ ಎಲ್ಲವನ್ನೂ ಕೈಬಿಡುತ್ತಿದ್ದಳು. ಮೂರನೇ ವಾರಕ್ಕೆ 35, ಆರನೇ ವಾರಕ್ಕೆ 41. ಸೂಪರ್‌ವೈಸರ್ ಕೇಳಿದ್ದಕ್ಕೆ ಆ ತಿಂಗಳಿಗೆ 38 ಸಾಕೆಂದರು, ನಾಲ್ಕು ಬಾಕ್ಸ್ ನಿಂತು ನೋಡಿ ಟೇಪ್ ಗನ್ ಹಿಡಿಯುವ ಕೋನವನ್ನೂ ತಿದ್ದಿದರು. “ಬೇಗ ಬೇಗ” ಅನ್ನುವುದನ್ನು ನಿಲ್ಲಿಸಿಲ್ಲ.

ಎಲ್ಲವೂ ಕೂಡಿಬಂತೆಂದಲ್ಲ. ಪರದೆಯ ಎಣಿಕೆಯನ್ನು ಅರ್ಧ ಗಂಟೆಗೊಮ್ಮೆ ಮಾತ್ರ ನೋಡುವ ಸಲಹೆ ಸೋತಿತು, ಪರದೆ ಕಣ್ಣೆದುರಿಗೇ ಇದೆ, ಮುಚ್ಚಲು ಅನುಮತಿಯಿಲ್ಲ. ಹೊಟ್ಟೆನೋವು ಹೋಯಿತು, ನಿದ್ದೆ ಏಳು ಗಂಟೆಗೆ ಬಂದು ನಿಂತಿದೆ, ಅದರ ಮೇಲೆ ಇನ್ನೂ ಕೆಲಸ ನಡೆದಿದೆ.

ಕೆಲಸ ಬಿಡುವ ಪ್ರಶ್ನೆಯನ್ನು ಆರಂಭದಲ್ಲೇ ಇತ್ಯರ್ಥ ಮಾಡಿಕೊಳ್ಳಲಾಗಿತ್ತು. ಅತ್ತುಕೊಂಡ ರಾತ್ರಿ ನಿರ್ಧರಿಸುವಂತಿಲ್ಲ, ಆರು ವಾರ ಕಳೆದ ಮೇಲೆ ಪುಸ್ತಕ ತೆರೆದು ನಿರ್ಧರಿಸುವುದು. ಆರು ವಾರ ಕಾಯದೆ ಬಿಡಬೇಕಾದ ಸಂದರ್ಭಗಳನ್ನೂ ಬರೆದುಕೊಟ್ಟಿತ್ತು: ನಿಧಾನಕ್ಕೆಂದು ಸಂಬಳ ಹಿಡಿದರೆ, ಸುರಕ್ಷತೆಯ ಕ್ರಮ ಬಿಟ್ಟು ಕೆಲಸ ಮಾಡು ಎಂದರೆ, ಮೈ ಮುಟ್ಟಿದರೆ ಅಥವಾ ಅವಮಾನಿಸಿದರೆ, ಮಣಿಕಟ್ಟಿನ ನೋವು ರಾತ್ರಿ ಕಳೆದರೂ ಇಳಿಯದಿದ್ದರೆ, ಬದುಕೇ ಬೇಡವೆನಿಸಿದರೆ. ಕೊನೆಯದಾದರೆ ಕೆಲಸದ ಮಾತೆಲ್ಲ ಆಮೇಲೆ, ಆ ಗಳಿಗೆಯಲ್ಲೇ ತಾಯಿಗೋ ನಮಗೋ ಹೇಳುವುದು. ಬಿಡುವುದೇ ಆದರೆ ದಿನಾಂಕ ಹಾಕಿ ಬರವಣಿಗೆಯಲ್ಲಿ ತಿಳಿಸಿ ಅದರ ಒಂದು ಪ್ರತಿ ಇಟ್ಟುಕೊಳ್ಳಬೇಕು, ಕೆಲಸ ಮಾಡಿದ ಗಂಟೆಗಳ ಲೆಕ್ಕವನ್ನು ಅದಕ್ಕೂ ಮೊದಲೇ ಪುಸ್ತಕಕ್ಕೆ ಇಳಿಸಿಕೊಂಡಿರಬೇಕು.